ಡ್ರೂಯಿಡ್ ಮರವಾದ ಮೇಲೆ ಹೊಡೆಯಬಹುದೋ ಇಲ್ಲವೋ? ಆಟ ನಿಂತಿದೆ

ಹುಣಸೆತೋಪು (ತುಮಕೂರು)
ಭಾನುವಾರದ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಟ (ಮೇಜಿನ ಸುತ್ತ ಕುಳಿತು, ದಾಳ ಹಾಕಿ, ಪಾತ್ರಗಳಾಗಿ ಕಥೆ ನಡೆಸುವ ಆಟ) ಜಗಳದಲ್ಲಿ ಮುರಿದುಬಿತ್ತು. ನನ್ನ ಪಾತ್ರ ಹನ್ನೆರಡನೇ ಲೆವೆಲ್ ಡ್ರೂಯಿಡ್, ಅಂದರೆ ಪ್ರಕೃತಿಯ ಮಂತ್ರವಾದಿ. ಕಥೆ ನಡೆಯುತ್ತಿರುವುದು ದೇವರಾಯನದುರ್ಗದ ಕಾಡಿನಲ್ಲಿ. ನಾಮದ ಚಿಲುಮೆಯ ದಾರಿಯಲ್ಲಿ ಓಗರ್ ಎಂಬ ದೈತ್ಯರ ದಂಡು ಬರುತ್ತಿತ್ತು. ನಾನು ಪಕ್ಕದಲ್ಲಿ ಹುಣಸೆ ಮರವಾಗಿ ನಿಂತೆ. ಹತ್ತಿರ ಬಂದೊಡನೆ ಕೊಂಬೆಯಿಂದ ಬಡಿಯುತ್ತೇನೆ ಎಂದರೆ ಡಿಎಂ (ಆಟ ನಡೆಸುವವರು) ಒಪ್ಪಲಿಲ್ಲ. ಮರ ಅಲುಗಾಡುವಂತಿಲ್ಲವಂತೆ. ಡ್ರೂಯಿಡ್‌ಗೆ ಸಸ್ಯರೂಪ ಸಿಗುತ್ತದೆ ಎಂದು ಪುಸ್ತಕದಲ್ಲೇ ಇದೆ! ತಿಳಿದವರು ಹೇಳಿ, ಮುಂದಿನ ಭಾನುವಾರದೊಳಗೆ ಉತ್ತರ ಬೇಕು.

ನಂದಿಬೆಟ್ಟ20 (ಚಿಕ್ಕಬಳ್ಳಾಪುರ)
ನೀವು ಮರವಾಗಿದ್ದೇ ತಪ್ಪು. ವೈಲ್ಡ್ ಶೇಪ್‌ನಲ್ಲಿ (ಡ್ರೂಯಿಡ್‌ನ ರೂಪ ಬದಲಿಸುವ ಶಕ್ತಿಯಲ್ಲಿ) ಸಸ್ಯವೇ ಇಲ್ಲ, ಪ್ರಾಣಿ ಮಾತ್ರ. ಎಂಟನೇ ಲೆವೆಲ್‌ನಲ್ಲಿ ಸಿಆರ್ (ಜೀವಿಯ ಬಲದ ಅಂಕ) 1ರ ಪ್ರಾಣಿಯವರೆಗೆ ಹೋಗಬಹುದು. ಸಸ್ಯಜೀವಿಯಾಗಲು ಶೇಪ್‌ಚೇಂಜ್ ಮಂತ್ರ ಬೇಕು. ಅದು ಒಂಬತ್ತನೇ ಮಟ್ಟದ್ದು, ಹದಿನೇಳನೇ ಲೆವೆಲ್‌ವರೆಗೆ ಕಾಯಬೇಕು.

ಅಂತರಗಂಗೆ (ಕೋಲಾರ)
ನಂದಿಯವರೇ, ನೀವು 2014ರ ಐದನೇ ಆವೃತ್ತಿಯ ನಿಯಮ ಹೇಳುತ್ತಿದ್ದೀರಿ. ಅವರು ಆಡುತ್ತಿರುವುದು ಯಾವುದೆಂದು ಇನ್ನೂ ಹೇಳಿಯೇ ಇಲ್ಲ. ಹುಣಸೆತೋಪು, ಮರವಾಗಿದ್ದು ವೈಲ್ಡ್ ಶೇಪ್‌ನಿಂದಲೋ, ಮಂತ್ರದಿಂದಲೋ? ಪಾತ್ರದ ಹಾಳೆಯಲ್ಲಿ ನೋಡುವ, ಕೇಳುವ ಕೌಶಲಗಳು ಸ್ಪಾಟ್, ಲಿಸನ್ ಎಂದು ಬೇರೆಬೇರೆ ಇವೆಯೋ, ಪರ್ಸೆಪ್ಷನ್ ಒಂದೇ ಇದೆಯೋ? ಅದರಿಂದ ಆವೃತ್ತಿ ಗೊತ್ತಾಗುತ್ತದೆ.

ನಂದಿಬೆಟ್ಟ20
ಯಾವುದಾದರೇನು, ಈಗ ಎಲ್ಲರೂ ಐದನೆಯದನ್ನೇ ಆಡುತ್ತಾರೆ. ಡಿಎಂಗೆ ಪ್ರಾಣಿಗಳ ಪಟ್ಟಿ ತೋರಿಸಿ, ವಿಷಯ ಮುಗಿಯಿತು.

ಹುಣಸೆತೋಪು
ಮುಗಿದಿಲ್ಲ. ನನ್ನ ಪುಸ್ತಕದಲ್ಲಿ ಹನ್ನೆರಡನೇ ಲೆವೆಲ್ ಎದುರಿಗೆ ಸಸ್ಯ ಎಂದೇ ಬರೆದಿದೆ. ರಟ್ಟು ಹರಿದುಹೋಗಿದೆ, ಆವೃತ್ತಿ ಹೇಗೆ ಹೇಳಲಿ? ಸ್ಪಾಟ್, ಲಿಸನ್ ಬೇರೆಬೇರೆ ಇವೆ. ಆಗಿದ್ದು ಟ್ರೀ ಶೇಪ್ ಮಂತ್ರದಿಂದ. ಎರಡೂ ಒಂದೇ ಅಲ್ಲವೇ?

ಅಂತರಗಂಗೆ
ಅಲ್ಲ. ಗಂಟು ಇರುವುದೇ ಅಲ್ಲಿ. ನಿಮ್ಮದು 2003ರ 3.5 ಆವೃತ್ತಿ. ಟ್ರೀ ಶೇಪ್‌ನಲ್ಲಿ ನೀವು ನಿಜವಾದ ಮರ: ಡೆಕ್ಸ್ (ಮೈಚುರುಕು) 0, ವೇಗ 0. ಬದಲಿಗೆ ಆರ್ಮರ್ ಕ್ಲಾಸ್‌ಗೆ (ರಕ್ಷಣೆಯ ಅಂಕಕ್ಕೆ) +10 ಸಿಗುತ್ತದೆ, ಕ್ರಿಟಿಕಲ್ (ಮರ್ಮದ) ಏಟು ತಗುಲುವುದಿಲ್ಲ, ಲೆವೆಲ್‌ಗೆ ಒಂದು ಗಂಟೆಯಂತೆ ಹನ್ನೆರಡು ಗಂಟೆ ನಿಲ್ಲಬಹುದು. ಅಡಗಿ ಕಾವಲು ಕಾಯಲು ಇದಕ್ಕಿಂತ ಒಳ್ಳೆಯ ಮಂತ್ರವಿಲ್ಲ. ಹೊಡೆಯಲು ಮಾತ್ರ ಆಗದು. ನಿಮ್ಮ ಡಿಎಂ ಹೇಳಿದ್ದು ಸರಿ.

ಪುಸ್ತಕದಲ್ಲಿ ನೀವು ಓದಿದ ಹನ್ನೆರಡನೇ ಲೆವೆಲ್‌ನ ಶಕ್ತಿ ವೈಲ್ಡ್ ಶೇಪ್. ಅದರಲ್ಲಿ ಸಸ್ಯಜೀವಿ ಆಗಬಹುದು, ಜೀವಿಯಲ್ಲದ ಸಾಮಾನ್ಯ ಗಿಡ ಆಗುವಂತಿಲ್ಲ. ಶ್ಯಾಂಬ್ಲಿಂಗ್ ಮೌಂಡ್ (ನಡೆದಾಡುವ ಗಿಡಬಳ್ಳಿಯ ರಾಶಿ) ತೆಗೆದುಕೊಳ್ಳಿ: ಲಾರ್ಜ್ ಗಾತ್ರ, 8 ಹಿಟ್ ಡೈಸ್ (ಜೀವಬಲದ ದಾಳ), ಸ್ಟ್ರೆಂತ್ (ಮೈಬಲ) 21, ಹಿಡಿದು ಹಿಸುಕುವ ಏಟೂ ಬರುತ್ತದೆ. ನಡೆದಾಡುವ ಮರವೇ ಬೇಕೆಂದರೆ ಟ್ರೀಂಟ್. ಆದರೆ ಅದು ಲಾರ್ಜ್‌ಗಿಂತ ದೊಡ್ಡದಾದ ಹ್ಯೂಜ್ ಗಾತ್ರ, ಹದಿನೈದನೇ ಲೆವೆಲ್ ಬೇಕು.

ಏಕಶಿಲೆ (ಮಧುಗಿರಿ)
ಸಸ್ಯಜೀವಿಯಾದರೆ ಮನಸ್ಸಿನ ಮೇಲೆ ಕೆಲಸ ಮಾಡುವ ಮಂತ್ರಗಳೂ ತಟ್ಟುವುದಿಲ್ಲ. ಅದನ್ನು ಬಿಟ್ಟಿರಲ್ಲ?

ಅಂತರಗಂಗೆ
ತಟ್ಟುತ್ತವೆ. ಪುಸ್ತಕ ಅಚ್ಚಾದ ಮೇಲೆ ಬಂದ ತಿದ್ದುಪಡಿಯ ಪ್ರಕಾರ ವೈಲ್ಡ್ ಶೇಪ್ ನಡೆಯುವುದು ಆಲ್ಟರ್ನೇಟ್ ಫಾರ್ಮ್ ಎಂಬ ಶಕ್ತಿಯಂತೆ. ನಿಮ್ಮ ಮೂಲ ಜಾತಿ ಬದಲಾಗುವುದಿಲ್ಲ.

ಏಕಶಿಲೆ
ಅಚ್ಚಾದ ಪುಸ್ತಕದಲ್ಲಿ ಪಾಲಿಮಾರ್ಫ್ ಮಂತ್ರದಂತೆ ಎಂದಿದೆ, ಅದರಲ್ಲಿ ಜಾತಿಯೂ ಬದಲಾಗುತ್ತದೆ. ನಮ್ಮ ಮೇಜಿನಲ್ಲಿ ಅಚ್ಚಾದದ್ದೇ ನಿಯಮ.

ಅಂತರಗಂಗೆ
ತಿದ್ದುಪಡಿ ಬಿಟ್ಟರೆ ಡ್ರೂಯಿಡ್ ಒಬ್ಬನೇ ಇಡೀ ಆಟವನ್ನು ನುಂಗುತ್ತಾನೆ. ಪಕ್ಕದಲ್ಲಿ ಕುಳಿತ ಫೈಟರ್‌ಗೆ (ಮಂತ್ರವಿಲ್ಲದ ಯೋಧನ ಪಾತ್ರಕ್ಕೆ) ಮಾಡಲು ಕೆಲಸವೇ ಉಳಿಯುವುದಿಲ್ಲ.

ನಂದಿಬೆಟ್ಟ20
ಈ ಗಲಾಟೆಗೇ ನಾನು ಹಳೆಯ ಆವೃತ್ತಿ ಬಿಟ್ಟಿದ್ದು. ನಮ್ಮ ಮೇಜು ನೋಡಬೇಕು ನೀವು. ಪ್ಲೈವುಡ್ ಮೇಲೆ ನಂದಿಯ ಕೋಟೆ, ಟಿಪ್ಪು ಡ್ರಾಪ್ ಸಮೇತ. ಅಂಗುಲಕ್ಕೊಂದು ಚೌಕ, ಚೌಕಕ್ಕೆ ಐದು ಅಡಿ. ಬಂಡೆಗಳಿಗೆ ಥರ್ಮೋಕೋಲ್ ಕೊರೆದು ಬಣ್ಣ ಬಳಿದಿದ್ದೇವೆ.

ಏಕಶಿಲೆ
ಥರ್ಮೋಕೋಲ್ ಬೇಗ ಉದುರುತ್ತದೆ. ನಾವು ಮಧುಗಿರಿ ಬೆಟ್ಟವನ್ನು ಜೇಡಿಮಣ್ಣಿನಲ್ಲೇ ಮಾಡಿದ್ದೇವೆ, ಮೆಟ್ಟಿಲುಗಳೂ ಇವೆ.

ಹುಣಸೆತೋಪು
ಬೆಟ್ಟಗಳನ್ನು ಆಮೇಲೆ ನೋಡೋಣ. ಅಂತರಗಂಗೆಯವರೇ, ಮರವಾಗಿ ನಿಂತವನು ಅದೇ ಸರದಿಯಲ್ಲಿ ಮೌಂಡ್ ಆಗಬಹುದೇ?

ಅಂತರಗಂಗೆ
ಆಗಬಹುದು. ಟ್ರೀ ಶೇಪ್ ಬಿಡುವುದು ಫ್ರೀ ಆ್ಯಕ್ಷನ್ (ಹೊತ್ತು ಹಿಡಿಯದ ಕೆಲಸ), ವೈಲ್ಡ್ ಶೇಪ್ ಸ್ಟ್ಯಾಂಡರ್ಡ್ ಆ್ಯಕ್ಷನ್ (ಸರದಿಯ ಮುಖ್ಯ ಕೆಲಸ). ಓಗರ್‌ಗಳು ಹತ್ತಿರ ಬಂದಾಗ ಮರವನ್ನು ಬಿಟ್ಟು ಮೌಂಡ್ ಆಗಿ. ಏಟು ಮುಂದಿನ ಸರದಿಗೆ. ಮೌಂಡ್‌ಗೆ ಎರಡು ಚೌಕ ಅಗಲ, ಎರಡು ಚೌಕ ಉದ್ದ ಜಾಗ ಬೇಕು, ಮೊದಲೇ ನೋಡಿ ನಿಲ್ಲಿ.

ಹುಣಸೆತೋಪು
ಡಿಎಂಗೆ ಇದನ್ನೇ ಕಳುಹಿಸಿದ್ದೇನೆ. ಮನಸ್ಸಿನ ಮಂತ್ರದ ವಿಷಯದಲ್ಲಿ ಅವರು ಏಕಶಿಲೆಯವರ ಪಕ್ಷ.

ಏಕಶಿಲೆ
ಸರಿಯಾದ ಡಿಎಂ.

ಅಂತರಗಂಗೆ
ಹಾಗಾದರೆ ನಿಮ್ಮ ಫೈಟರ್ ಆಡುವವರನ್ನೂ ಒಂದು ಮಾತು ಕೇಳಿ.

ಮಾವಿನಹೂ (ಶ್ರೀನಿವಾಸಪುರ)
ಮಧ್ಯದಲ್ಲಿ ಬಂದೆ, ಕ್ಷಮಿಸಿ. ಇಪ್ಪತ್ತು ಮುಖದ ದಾಳ ಕೋಲಾರದಲ್ಲಿ ಎಲ್ಲಾದರೂ ಸಿಗುತ್ತದೆಯೇ, ಬೆಂಗಳೂರಿಗೇ ಹೋಗಬೇಕೇ?