ಆರು ವಾರದ ಬೆಕ್ಕಿನ ಮರಿಗೆ ಕಿವಿ ನುಸಿ: ಯಾವ ಔಷಧ ಹಾಕಬಹುದು?

ಪ್ರಶ್ನೆ: ತೋಟದಮನೆ, ಸಾಗರ

ಎಲ್ಲರಿಗೂ ನಮಸ್ಕಾರ. ನಮ್ಮ ಕೊಟ್ಟಿಗೆಯ ಅಟ್ಟದಲ್ಲಿ ಬೆಕ್ಕು ಹಾಕಿದ ಮರಿಗಳಲ್ಲಿ ಒಂದು ಮಾತ್ರ ಉಳಿದಿದ್ದು, ಅದಕ್ಕೀಗ ಸುಮಾರು ಆರು ವಾರ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದಾಗ 600 ಗ್ರಾಂ ಬಂತು. ತಾಯಿಯ ಹಾಲು ಕುಡಿಯುತ್ತದೆ, ಕಲಸಿಟ್ಟರೆ ಮೀನು ಅನ್ನವನ್ನೂ ತಿನ್ನುತ್ತದೆ. ಆದರೆ ಆಡುತ್ತಿರುವಾಗಲೇ ತಟ್ಟನೆ ನಿಂತು ತಲೆ ಕೊಡವುತ್ತದೆ. ಹಿಂಗಾಲಿನಿಂದ ಕೆರೆದು ಕೆರೆದು ಕಿವಿಯ ಬುಡದಲ್ಲಿ ಕೂದಲು ಉದುರಿ ಗೀರುಗಾಯಗಳಾಗಿವೆ. ಎರಡೂ ಕಿವಿಗಳ ಒಳಗೆ, ಕಾಫಿ ಸೋಸಿದ ಮೇಲೆ ಉಳಿಯುವ ಚರಟದಂತಹ ಕಪ್ಪು ಕಸ ತುಂಬಿಕೊಂಡಿದೆ.

ಬೇವಿನೆಣ್ಣೆಯಲ್ಲಿ ಕರ್ಪೂರ ಕರಗಿಸಿ ಬಿಡಿ ಎಂದು ನೆರೆಯವರು ಹೇಳುತ್ತಾರೆ. ನಮ್ಮ ನಾಯಿಗೆ ಉಣ್ಣೆ ಹೋಗಲೆಂದು ಬೆನ್ನಿಗೆ ಹಾಕುವ ಔಷಧ ಮನೆಯಲ್ಲಿದೆ. ಅದರ ಮೇಲೆ ಪರ್ಮೆಥ್ರಿನ್ ಎಂದು ಬರೆದಿದೆ. ದನಗಳಿಗೆ ತಂದಿದ್ದ ಐವರ್ಮೆಕ್ಟಿನ್ ಇಂಜೆಕ್ಷನ್ ಸಹ ಉಳಿದಿದೆ. ಇವುಗಳಲ್ಲಿ ಯಾವುದನ್ನಾದರೂ ಇಷ್ಟು ಚಿಕ್ಕ ಮರಿಗೆ ಬಳಸಬಹುದೇ? ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ಬೆಕ್ಕಿನಮನೆ, ಮೈಸೂರು

ನಾಯಿಯ ಆ ಔಷಧವನ್ನು ಮರಿಯ ಹತ್ತಿರಕ್ಕೂ ತರಬೇಡಿ. ಪರ್ಮೆಥ್ರಿನ್ ಬೆಕ್ಕಿಗೆ ವಿಷ. ನಾಯಿಯ ದೇಹ ಅದನ್ನು ಒಡೆದು ಹೊರಹಾಕಬಲ್ಲದು. ಬೆಕ್ಕಿನ ಯಕೃತ್ತಿಗೆ ಆ ಶಕ್ತಿ ತೀರಾ ಕಡಿಮೆಯಾದ್ದರಿಂದ ಮೈ ನಡುಕ ಹತ್ತಿ, ಫಿಟ್ಸ್ ಬಂದು, ಪ್ರಾಣವೇ ಹೋಗಬಹುದು. ನಾಯಿಗೆ ಹಾಕಿದ ಮೇಲೆ ಮೂರು ದಿನ ಮರಿ ಅದರ ಮೈಗೊರಗಿ ಮಲಗದಂತೆಯೂ ನೋಡಿಕೊಳ್ಳಿ.

ಕಿವಿಯ ಕಸವನ್ನು ಚೂರು ತೆಗೆದು ಕಪ್ಪು ಕಾಗದದ ಮೇಲೆ ಹರಡಿ, ಬಿಸಿಲಿನಲ್ಲಿ ಭೂತಗನ್ನಡಿ ಹಿಡಿದು ನೋಡಿ. ನುಸಿ ಇದ್ದರೆ ಅರ್ಧ ಮಿಲಿಮೀಟರಿಗಿಂತ ಚಿಕ್ಕದಾದ ಬಿಳಿ ಚುಕ್ಕೆಗಳು ನಿಧಾನವಾಗಿ ಸರಿದಾಡುವುದು ಕಾಣುತ್ತದೆ. ಕಾಣದಿದ್ದರೆ ಇಲ್ಲವೆಂದೇನೂ ಅಲ್ಲ. ವೈದ್ಯರ ಸೂಕ್ಷ್ಮದರ್ಶಕದಲ್ಲಿ ಖಚಿತವಾಗಿ ತಿಳಿಯುತ್ತದೆ.

ಉತ್ತರ: ಪಶುವೈದ್ಯೆ, ದಾವಣಗೆರೆ

ನೀವು ವಿವರಿಸಿದ ಲಕ್ಷಣಗಳು ಓಟೊಡೆಕ್ಟಿಸ್ ಸೈನೋಟಿಸ್ ಎಂಬ ಕಿವಿ ನುಸಿಗೆ ಚೆನ್ನಾಗಿ ಹೊಂದುತ್ತವೆ. ಮರಿಗಳಿಗೆ ಇದು ಬಹುಮಟ್ಟಿಗೆ ತಾಯಿಯಿಂದಲೇ ಅಂಟುತ್ತದೆ. ಆದರೂ ಯೀಸ್ಟ್ ಮತ್ತು ಬ್ಯಾಕ್ಟೀರಿಯಾ ಸೋಂಕಿನಲ್ಲಿಯೂ ಕಪ್ಪು ಕಸ ಬರುವುದುಂಟು. ಎಷ್ಟೋ ಸಲ ನುಸಿಯ ಜೊತೆಗೇ ಅವೂ ಸೇರಿಕೊಂಡಿರುತ್ತವೆ. ಆದ್ದರಿಂದ ಒಮ್ಮೆ ಕಿವಿಯೊಳಗೆ ಬೆಳಕು ಹಾಕಿ ನೋಡಿಸುವುದು ಅಗತ್ಯ. ಅದಕ್ಕಿಂತ ದೊಡ್ಡ ಕಾರಣ ಕಿವಿಯ ತಮಟೆ. ಅದು ಹರಿದಿದ್ದರೆ ಮೇಲಿಂದ ಬಿಟ್ಟದ್ದೆಲ್ಲ ನೇರವಾಗಿ ನಡುಗಿವಿಗೆ ಇಳಿಯುತ್ತದೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಜೆಂಟಾಮೈಸಿನ್, ನಿಯೋಮೈಸಿನ್ ಇರುವ ಹನಿಗಳು ಹಾಗೆ ಒಳಗಿಳಿದರೆ ಮರಿ ಶಾಶ್ವತವಾಗಿ ಕಿವುಡಾಗಬಹುದು.

ಇನ್ನು ಐವರ್ಮೆಕ್ಟಿನ್ ವಿಚಾರವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹಳ್ಳಿಗಳಲ್ಲಿ ಹೆಚ್ಚು ಅಪಾಯವಾಗುವುದು ಇಲ್ಲಿಯೇ. ದನಗಳಿಗೆ ಬಳಸುವ 1% ಇಂಜೆಕ್ಷನ್ನಿನ ಪ್ರತಿ ಮಿ.ಲೀ.ಯಲ್ಲಿ 10 ಮಿ.ಗ್ರಾಂ ಔಷಧವಿರುತ್ತದೆ. ಕೆ.ಜಿ. ತೂಕಕ್ಕೆ 0.2 ಮಿ.ಗ್ರಾಂ ಎಂದು ಲೆಕ್ಕ ಹಿಡಿದರೂ ನಿಮ್ಮ 600 ಗ್ರಾಂ ಮರಿಗೆ ಬೇಕಾಗುವುದು 0.12 ಮಿ.ಗ್ರಾಂ, ಅಂದರೆ 0.012 ಮಿ.ಲೀ. ಸಿರಿಂಜಿನ ತುದಿಯಿಂದ ತೊಟ್ಟಿಕ್ಕುವ ಒಂದು ಹನಿಯೇ ಸುಮಾರು 0.05 ಮಿ.ಲೀ. ಇರುತ್ತದೆ, ಆ ಒಂದೇ ಹನಿ ನಾಲ್ಕು ಪಟ್ಟು ಹೆಚ್ಚಾಯಿತು. ಎಳೆಯ ಮರಿಗಳಲ್ಲಿ ಔಷಧವು ರಕ್ತದಿಂದ ಮಿದುಳಿಗೆ ಹೋಗದಂತೆ ತಡೆಯುವ ವ್ಯವಸ್ಥೆ ಇನ್ನೂ ಬಲಿತಿರುವುದಿಲ್ಲ. ಓಲಾಟ, ಕುರುಡುತನ, ಪ್ರಜ್ಞಾಹೀನತೆ ಬರುವುದು ಹೀಗೆ. ದಯವಿಟ್ಟು ಆ ಬಾಟಲಿಯನ್ನು ಮುಟ್ಟಬೇಡಿ.

ಕರ್ಪೂರವೂ ಬೆಕ್ಕಿಗೆ ವಿಷವೇ. ಬೆಕ್ಕು ಮೈಗೆ ಹತ್ತಿದ್ದನ್ನು ನೆಕ್ಕಿಯೇ ತೀರುತ್ತದೆ. ತಾಯಿಯೂ ಮರಿಯನ್ನು ನೆಕ್ಕುತ್ತದೆ.

ಹಾಗಾದರೆ ಯಾವುದು ಸರಿ? ಈಗ ಹೆಚ್ಚು ಬಳಕೆಯಲ್ಲಿರುವುದು ಕತ್ತಿನ ಹಿಂಭಾಗದ ಚರ್ಮಕ್ಕೆ ಹಾಕುವ ಸೆಲಮೆಕ್ಟಿನ್. ಕಿವಿಗೆ ಏನನ್ನೂ ಬಿಡದೆ, ಅದು ಚರ್ಮದ ಮೂಲಕವೇ ಹೀರಿಕೊಂಡು ಕೆಲಸ ಮಾಡುತ್ತದೆ. ಯುರೋಪಿನಲ್ಲಿ ಆರು ವಾರ, ಅಮೆರಿಕದಲ್ಲಿ ಎಂಟು ವಾರ ತುಂಬಿದ ಮರಿಗಳಿಗೆ ಅದಕ್ಕೆ ಅನುಮತಿಯಿದೆ. ಮಾಕ್ಸಿಡೆಕ್ಟಿನ್ ಮತ್ತು ಇಮಿಡಾಕ್ಲೋಪ್ರಿಡ್ ಕೂಡಿದ ಔಷಧಕ್ಕೆ ಒಂಬತ್ತು ವಾರ ತುಂಬಿರಬೇಕು. ನಿಮ್ಮ ಮರಿ ಸರಿಯಾಗಿ ಗಡಿಯಲ್ಲಿದೆ. ಹುಟ್ಟಿದ ದಿನವೂ ನಿಖರವಾಗಿ ಗೊತ್ತಿಲ್ಲದಿದ್ದರೆ ವೈದ್ಯರು ಹಲ್ಲು ಮತ್ತು ತೂಕ ನೋಡಿ, ಈಗಲೇ ಹಾಕಬೇಕೋ, ಸದ್ಯಕ್ಕೆ ಕಿವಿ ಶುಚಿಗೊಳಿಸಿ ಒಂದೆರಡು ವಾರ ಕಾಯಬೇಕೋ ತೀರ್ಮಾನಿಸುತ್ತಾರೆ. ನಾನಾದರೆ ಮರಿ ಚೆನ್ನಾಗಿ ತಿಂದು ತೂಕ ಏರುತ್ತಿರುವವರೆಗೂ ಕಾಯುವ ಕಡೆಗೇ ವಾಲುತ್ತೇನೆ.

ಮರುಪ್ರಶ್ನೆ: ತೋಟದಮನೆ, ಸಾಗರ

ಇಷ್ಟು ವಿವರವಾಗಿ ತಿಳಿಸಿದ್ದಕ್ಕೆ ಇಬ್ಬರಿಗೂ ಕೃತಜ್ಞತೆಗಳು. ಇಂಜೆಕ್ಷನ್ ಬಾಟಲಿಯನ್ನು ತೆಗೆದಿಟ್ಟಿದ್ದೇವೆ. ನಾಳೆ ಪಶು ಆಸ್ಪತ್ರೆಗೆ ಮರಿಯನ್ನು ಒಯ್ಯುತ್ತೇವೆ. ತಾಯಿಬೆಕ್ಕಿಗೂ ನಾಯಿಗೂ ಚಿಕಿತ್ಸೆ ಬೇಕೇ? ಮನೆಯಲ್ಲಿ ಕಿವಿಯನ್ನು ಶುಚಿಗೊಳಿಸುವ ಕ್ರಮ ಯಾವುದು?

ಉತ್ತರ: ಪಶುವೈದ್ಯೆ, ದಾವಣಗೆರೆ

ತಾಯಿಗೂ ನಾಯಿಗೂ ಒಟ್ಟಿಗೇ ಚಿಕಿತ್ಸೆ ಆಗಬೇಕು. ಈ ನುಸಿ ನಾಯಿಗೂ ಹತ್ತುತ್ತದೆ. ಒಂದನ್ನು ಬಿಟ್ಟರೂ ಅಲ್ಲಿಂದ ಮರಿಗೆ ಮರಳಿ ಬರುತ್ತದೆ. ಯಾವುದಕ್ಕೆ ಯಾವ ಔಷಧ, ಎಷ್ಟು ಪ್ರಮಾಣ ಎಂಬುದನ್ನು ಬೇರೆ ಬೇರೆಯಾಗಿಯೇ ಬರೆಸಿಕೊಳ್ಳಿ. ನುಸಿಯ ಮೊಟ್ಟೆ ಬಲಿತ ನುಸಿಯಾಗಲು ಸುಮಾರು ಮೂರು ವಾರ ಬೇಕು. ಕೆರೆತ ನಿಂತಿತೆಂದು ವಾರಕ್ಕೇ ಬಿಟ್ಟುಬಿಟ್ಟರೆ ಮೊಟ್ಟೆಗಳಲ್ಲಿದ್ದವು ಮತ್ತೆ ಹೆಚ್ಚುತ್ತವೆ. ಒಂದು ತಿಂಗಳಿಗೆ ಮತ್ತೊಮ್ಮೆ ತೋರಿಸಿ.

ಉತ್ತರ: ಬೆಕ್ಕಿನಮನೆ, ಮೈಸೂರು

ಶುಚಿಗೊಳಿಸುವ ಕ್ರಮ ಹೇಳುತ್ತೇನೆ. ಕಿವಿಯ ತಮಟೆ ಸರಿಯಿದೆ ಎಂದು ವೈದ್ಯರು ಹೇಳಿದ ಮೇಲಷ್ಟೇ ಮಾಡಿ. ಮರಿಯನ್ನು ಟವೆಲಿನಲ್ಲಿ ಮುಖ ಮಾತ್ರ ಹೊರಗಿರುವಂತೆ ಸುತ್ತಿ ಮಡಿಲಲ್ಲಿ ಇಟ್ಟುಕೊಳ್ಳಿ. ವೈದ್ಯರು ಕೊಟ್ಟ ಕಿವಿ ತೊಳೆಯುವ ದ್ರವದ ಸೀಸೆಯನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಳ್ಳಿ, ಏಕೆಂದರೆ ತಣ್ಣನೆಯದು ಬಿದ್ದರೆ ಮರಿ ಬೆದರಿ ಮುಂದಿನ ಸಲ ಹತ್ತಿರ ಬರುವುದಿಲ್ಲ. ಕೆಲವೇ ಹನಿ ಬಿಟ್ಟು ಕಿವಿಯ ಬುಡವನ್ನು ಎರಡು ಬೆರಳುಗಳಿಂದ ಮೆಲ್ಲಗೆ ಒತ್ತುತ್ತ ಬಂದರೆ ಒಳಗೆ ಪಿಚಪಿಚ ಸದ್ದು ಕೇಳುತ್ತದೆ. ಆಮೇಲೆ ಬಿಟ್ಟುಬಿಡಿ, ಅದು ತಲೆ ಕೊಡವಿದಾಗ ಮೇಲೆ ಬಂದ ಕಸವನ್ನು ಮಾತ್ರ ಹತ್ತಿಯಿಂದ ಒರೆಸಿ. ಕಡ್ಡಿಗೆ ಹತ್ತಿ ಸುತ್ತಿದ ಬಡ್ಸ್ ಬೇಡವೇ ಬೇಡ. ಬೆಕ್ಕಿನ ಕಿವಿಯ ನಾಳ ಒಳಗೆ ಅಡ್ಡಕ್ಕೆ ತಿರುಗುತ್ತದೆ. ಬಡ್ಸ್ ಕಸವನ್ನು ಆ ತಿರುವಿಗೇ ತುರುಕುತ್ತದೆ.

ಅಟ್ಟದಲ್ಲಿ ಅವು ಮಲಗುವ ಗೋಣಿಚೀಲವನ್ನು ಸುಟ್ಟುಬಿಡಿ, ಬಟ್ಟೆಗಳನ್ನು ಕುದಿಯುವ ನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ನುಸಿ ಸತ್ತ ಮೇಲೂ ಕಪ್ಪು ಕಸ ಕೆಲವು ದಿನ ಬರುತ್ತಲೇ ಇರುತ್ತದೆ, ಅದಕ್ಕೆ ಗಾಬರಿ ಬೇಡ. ಆದರೆ ಮರಿ ತಲೆಯನ್ನು ಒಂದೇ ಕಡೆಗೆ ವಾಲಿಸಿದರೆ, ನಡೆಯುವಾಗ ತೂರಾಡಿದರೆ ಅಥವಾ ಕಿವಿಯ ಹಾಳೆ ಬಲೂನಿನಂತೆ ಊದಿಕೊಂಡರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.