ಓಡುವ ಬೆಣೆಯ ಮೇಲೆ ಜಾರದ ಬ್ಲಾಕ್: ಘರ್ಷಣೆ ಎಷ್ಟು, ಯಾವ ಕಡೆಗೆ?

ಪಿಯು ಮೊದಲ ವರ್ಷ: 30 ಡಿಗ್ರಿ ಇಳಿಜಾರಿನ ಬೆಣೆ, ಮೇಲೆ 2 ಕೆಜಿ ಬ್ಲಾಕ್. ಸ್ಥಿತ ಘರ್ಷಣೆಯ ಗುಣಾಂಕ 0.4. ತಗ್ಗಿನ ತುದಿ ಮುಂದಾಗಿ ಬೆಣೆ 3 ಮೀ/ಸೆ² ವೇಗೋತ್ಕರ್ಷದಲ್ಲಿ ಹೋಗ್ತಿದೆ. ಬ್ಲಾಕ್ ಜಾರ್ತಿಲ್ಲ. ಲಂಬ ಬಲ (ಬೆಣೆಯ ಇಳಿಜಾರು ಮೈ ತನಗೆ ನೇರ ಕೋನದಲ್ಲಿ ಬ್ಲಾಕನ್ನು ಒತ್ತೋ ಬಲ) 20 ನ್ಯೂಟನ್ ಬಂತು, 0.4ರಿಂದ ಗುಣಿಸಿದ್ರೆ ಘರ್ಷಣೆ 8. ಉತ್ತರದಲ್ಲಿ 4.6 ಅಂತಿದೆ. ಉತ್ತರವೇ ತಪ್ಪಲ್ವಾ?

ಫಿಸಿಕ್ಸ್ ಮೇಷ್ಟ್ರು: ಉತ್ತರ ಸರಿ ಇದೆ. 8 ಅನ್ನೋದು ಗರಿಷ್ಠ ಮಿತಿ ಮಾತ್ರ. ಸ್ಥಿತ ಘರ್ಷಣೆ ಬೇಕಾದಷ್ಟೇ ಬರುತ್ತೆ, ಜಾಸ್ತಿ ಬರಲ್ಲ. ಬೆಣೆ ಮೇಲೆ ಕೂತು ನೋಡು. ತೂಕ ಬ್ಲಾಕನ್ನು ಇಳಿಜಾರಿನಗುಂಟ ಕೆಳಗೆ ಎಳೆಯೋದು 9.8, ಸ್ಯೂಡೋ ಫೋರ್ಸ್ (ಬೆಣೆ ಜೊತೆ ಹೋಗೋರಿಗೆ ಮಾತ್ರ ಹಿಂದಕ್ಕೆ ತಳ್ಳಿದಂತೆ ಕಾಣೋ ಹುಸಿ ಬಲ) ಮೇಲಕ್ಕೆ ತಳ್ಳೋದು 5.2. ಉಳಿದ 4.6 ಘರ್ಷಣೆಯ ಪಾಲು.

ವರ್ಕ್‌ಶಾಪ್ ಅಕ್ಕ: ಸರ್, ಮಕ್ಕಳಿಗೆ ಮೊದಲೇ ಸ್ಯೂಡೋ ಫೋರ್ಸ್ ಹೇಳಿಕೊಟ್ರೆ ಬ್ಲಾಕನ್ನು ನಿಜವಾಗಿ ಮುಂದಕ್ಕೆ ತಳ್ಳೋದು ಯಾರು ಅಂತ ಗೊತ್ತಾಗಲ್ಲ. ನೆಲದ ಮೇಲೆ ನಿಂತು ನೋಡಿ. ಲಂಬ ಬಲದ ಅಡ್ಡ ಭಾಗ ಮುಂದಕ್ಕೆ 10, ಘರ್ಷಣೆಯ ಅಡ್ಡ ಭಾಗ ಹಿಂದಕ್ಕೆ 4. ಮಿಕ್ಕಿದ್ದು 6, ಅಂದ್ರೆ 2 ಇಂಟು 3. ಲೆಕ್ಕ ಕೂಡಿತು. ಇಲ್ಲಿ ಇಲ್ಲದ ಬಲ ಒಂದೂ ಇಲ್ಲ.

ಫಿಸಿಕ್ಸ್ ಮೇಷ್ಟ್ರು: ತಾಳೆ ನೋಡೋಕೆ ನಿಮ್ಮ ದಾರಿ ಚೆನ್ನಾಗಿದೆ. ಆದ್ರೆ ಪರೀಕ್ಷೆಯಲ್ಲಿ ಎರಡು ಸಮೀಕರಣ ಬಿಡಿಸೋ ಹೊತ್ತಿಗೆ ಟೈಮ್ ಮುಗಿಯುತ್ತೆ. ನಾನು ಬೆಣೆ ಮೇಲೇ ಕೂರಿಸ್ತೀನಿ.

ಸೀಟ್ ನಂಬರ್ 14: ಘರ್ಷಣೆ ಯಾವಾಗ್ಲೂ ಇಳಿಜಾರಿನ ಮೇಲ್ಮುಖವಾಗೇ ಇರುತ್ತೆ ಅಲ್ವಾ?

ವರ್ಕ್‌ಶಾಪ್ ಅಕ್ಕ: ಇಲ್ಲ. ವೇಗೋತ್ಕರ್ಷ 5.66 ಆದಾಗ ಘರ್ಷಣೆ ಸೊನ್ನೆ. ಅದಕ್ಕಿಂತ ಜಾಸ್ತಿ ಆದ್ರೆ ಬ್ಲಾಕ್ ಮೇಲಕ್ಕೆ ಜಾರೋಕೆ ನೋಡುತ್ತೆ, ಘರ್ಷಣೆ ಕೆಳಕ್ಕೆ ತಿರುಗುತ್ತೆ. 1.41ಕ್ಕಿಂತ ಕಡಿಮೆ ಇದ್ರೆ ಕೆಳಗೆ ಜಾರುತ್ತೆ, 12.45 ದಾಟಿದ್ರೆ ಮೇಲಕ್ಕೆ. 2 ಕೆಜಿ ಬದಲು 200 ಕೆಜಿ ಇಟ್ರೂ ಈ ಮೂರು ಅಂಕಿ ಬದಲಾಗಲ್ಲ.

ಪಿಯು ಮೊದಲ ವರ್ಷ: 0.4 ಅಂತ ಅಳೆಯೋದು ಹೇಗೆ?

ಫಿಸಿಕ್ಸ್ ಮೇಷ್ಟ್ರು: ಪರೀಕ್ಷೆ ರಟ್ಟಿನ ಮೇಲೆ ರಬ್ಬರ್ ಇಟ್ಟು ಒಂದು ತುದಿ ನಿಧಾನವಾಗಿ ಎತ್ತು. ಜಾರೋಕೆ ಶುರುವಾದ ಕೋನದ ಟ್ಯಾನ್ ತಗೋ. 22 ಡಿಗ್ರಿಗೆ ಜಾರಿದ್ರೆ ಸುಮಾರು 0.4.

ಸೀಟ್ ನಂಬರ್ 14: ಹಾಗಾದ್ರೆ 12.45ರಂಥ ಮೇಲಿನ ಮಿತಿ, ಅಂದ್ರೆ ದಾಟಿದ್ರೆ ಬ್ಲಾಕ್ ಮೇಲಕ್ಕೆ ಜಾರೋ ವೇಗೋತ್ಕರ್ಷ, ಎಲ್ಲಾ ಬೆಣೆಗೂ ಇರುತ್ತಾ?

ವರ್ಕ್‌ಶಾಪ್ ಅಕ್ಕ: ಇರಲ್ಲ. 60 ಡಿಗ್ರಿ, ಗುಣಾಂಕ 0.6 ತಗೊಳ್ಳಿ. ಗುಣಾಂಕ ಇಂಟು ಟ್ಯಾನ್ 1.04, ಒಂದನ್ನು ದಾಟಿತು. ಎಷ್ಟು ಜೋರಾಗಿ ತಳ್ಳಿದ್ರೂ ಆ ಬ್ಲಾಕ್ ಮೇಲಕ್ಕೆ ಜಾರಲ್ಲ. ತಳ್ಳಿದಷ್ಟೂ ಲಂಬ ಬಲ ಬೆಳೆಯುತ್ತೆ, ಅದರ ಜೊತೆ ಘರ್ಷಣೆಯ ಮಿತಿನೂ ಬೆಳೆಯುತ್ತೆ.