ಅಪ್‌ಡೇಟ್: ಲೂಗರ್ ಪಿಸ್ತೂಲಿನ ಹಿಡಿಪಟ್ಟಿ ಸಿಕ್ಕಿತು

ನನ್ನ 1916ರ ಲೂಗರ್ ಪಿ08 ಎಂಬ ಜರ್ಮನ್ ಪಿಸ್ತೂಲಿನ ಎಡಬದಿಯ ಮರದ ಹಿಡಿಪಟ್ಟಿ (ಹಿಡಿಕೆಯ ಪಕ್ಕಕ್ಕೆ ತಿರುಪಿನಿಂದ ಕೂರಿಸುವ ಹೊದಿಕೆ) ಒಡೆದಿದೆ, ಬದಲಿಯನ್ನು ಎಲ್ಲಿ ಹುಡುಕಲಿ ಎಂದು ಕೇಳಿದ್ದೆ. ಕೊನೆಗೂ ಅದೇ ಕಾಲದ ವಾಲ್‌ನಟ್ ಮರದ ಪಟ್ಟಿಯೊಂದು ಸಿಕ್ಕಿತು. ತಿರುಪಿನ ತೂತು ಸರಿಯಾಗಿ ಕೂತಿತು, ಆದರೆ ಸೇಫ್ಟಿ ಲಿವರಿನ (ಗುಂಡು ತಾನಾಗಿ ಹಾರದಂತೆ ತಡೆಯುವ ಸನ್ನೆ) ಪಕ್ಕದ ಅಂಚು ಕೂದಲೆಳೆಯಷ್ಟು ತಾಗುತ್ತಿತ್ತು. ಆ ಮೂಲೆಯಲ್ಲಿ ಮರ ಬಹಳ ತೆಳು. ನನ್ನದು ಸೀಳಿದ್ದೂ ಅಲ್ಲಿಯೇ. ಅರದ ಗೋಜಿಗೆ ಹೋಗದೆ ನಯವಾದ ಉಪ್ಪುಕಾಗದದಿಂದ ಎರಡು ಸಂಜೆ ತಿಕ್ಕಿದೆ, ಪ್ರತಿ ನಾಲ್ಕೈದು ಉಜ್ಜಿಗೂ ಕೂರಿಸಿ ನೋಡುತ್ತಾ. ಈಗ ಲಿವರ್ ಸಲೀಸಾಗಿ ತಿರುಗುತ್ತದೆ.

ಒಡೆದದ್ದನ್ನು ಎಸೆದಿಲ್ಲ, ದಯವಿಟ್ಟು ನೀವೂ ಎಸೆಯಬೇಡಿ. ಈ ಪಿಸ್ತೂಲುಗಳ ಬಿಡಿಭಾಗಗಳ ಮೇಲೆ ಕ್ರಮಸಂಖ್ಯೆಯ ಕೊನೆಯ ಎರಡು ಅಂಕಿಗಳನ್ನು ಒತ್ತಿರುತ್ತಾರೆ. ಒಡಕು ಪಟ್ಟಿಯ ಒಳಮೈಯಲ್ಲಿ ಮಸುಕಾದ 47 ಕಂಡಾಗ ಮನಸ್ಸು ತುಂಬಿ ಬಂತು. ಪಿಸ್ತೂಲಿನ ಸಡಿಲಗೊಂಡ ಸ್ಪ್ರಿಂಗೊಂದನ್ನು ಮಾತ್ರ ಪರವಾನಗಿ ಹೊಂದಿದ ಬಂದೂಕು ರಿಪೇರಿಯವರಿಗೆ ಒಪ್ಪಿಸಿದ್ದೇನೆ.